ಐಲಿಯನ್ ಮೋರ್ ದೀಪಸ್ತಂಭದ ಮೂವರು ಏನಾದರು?

ಸರಸ್ವತಿಪುರಂ ಓದುಗ: ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಫ್ಲಾನನ್ ದ್ವೀಪಗಳಲ್ಲಿ ಐಲಿಯನ್ ಮೋರ್ ಅನ್ನುವ ಪುಟ್ಟ ದ್ವೀಪವಿದೆ. ಅಲ್ಲಿ ದೀಪ ಹೊತ್ತಿದ್ದು 1899ರ ಡಿಸೆಂಬರಿನಲ್ಲಿ. ಮರುವರ್ಷ ಅದೇ ತಿಂಗಳು ಕಾವಲಿದ್ದ ಡುಕಾಟ್, ಮಾರ್ಷಲ್, ಮೆಕಾರ್ಥರ್ ಮೂವರೂ ಕಾಣೆಯಾದರು. ಹೆಣವೂ ಸಿಗಲಿಲ್ಲ. ಅರ್ಧ ಊಟ ಬಿಟ್ಟು, ಕುರ್ಚಿ ಉರುಳಿಸಿ ಎದ್ದು ಹೋಗಿದ್ದರಂತೆ. ಇದು ಮಾಮೂಲಿ ಸಾವಲ್ಲ.

ಹಳೇ ಕಾಗದ, ಮೈಸೂರು: ಆ ಊಟ, ಕುರ್ಚಿ ಎಲ್ಲ 1912ರ ಒಂದು ಇಂಗ್ಲಿಷ್ ಪದ್ಯದಿಂದ ಹರಡಿದ ಮಾತು ಸರ್. ಡಿಸೆಂಬರ್ 26ಕ್ಕೆ ಹಡಗಿನಿಂದ ಇಳಿದು ಮೊದಲು ಒಳಗೆ ಹೋದವರು ಜೋಸೆಫ್ ಮೂರ್. ಅವರು ಕಂಡಿದ್ದು ಚೊಕ್ಕವಾಗಿದ್ದ ಅಡುಗೆಮನೆ, ಒರೆಸಿ ಎಣ್ಣೆ ತುಂಬಿಟ್ಟ ದೀಪ. ಮೆಕಾರ್ಥರ್ ಅಳುತ್ತಿದ್ದ ಅಂತ ದಿನಚರಿಯಲ್ಲಿ ಬರೆದಿತ್ತು ಅಂತಾರಲ್ಲ, ಅದೂ ಆಮೇಲೆ ಕಟ್ಟಿದ ಕಥೆ.

ಸರಸ್ವತಿಪುರಂ ಓದುಗ: ಸರಿ, ಪದ್ಯ ಬಿಡಿ. ಒಬ್ಬರಾದರೂ ದೀಪದ ಹತ್ತಿರ ಇರಲೇಬೇಕು ಅನ್ನೋದು ನಿಯಮ ಅಲ್ವಾ? ಮೆಕಾರ್ಥರ್ ಕೋಟು ಗೂಟದಲ್ಲೇ ಇತ್ತು. ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ಹೊರಗೆ ಹೋಗಿದ್ದು ಯಾಕೆ?

ಹೊಳೆದಂಡೆ, ಮಂಡ್ಯ: ಅಣ್ಣ, ನಮ್ಮ ಗದ್ದೆ ಕಾವೇರಿ ದಡದಲ್ಲಿದೆ. ಕನ್ನಂಬಾಡಿಯಿಂದ ನೀರು ಬಿಟ್ಟರೆ ಮೊದಲು ನೆನಪಾಗೋದು ದಡದಲ್ಲಿರುವ ಮೋಟಾರು. ಒಂದು ರಾತ್ರಿ ಅಪ್ಪ, ಚಿಕ್ಕಪ್ಪ ಅದನ್ನು ಮೇಲಕ್ಕೆ ಎಳೆಯೋಕೆ ಹೋದರು. ಚಿಕ್ಕಪ್ಪ ಕೂಗಿಕೊಂಡರು. ನಾನು ಬನಿಯನ್ನಲ್ಲೇ ಓಡಿದೆ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಅಪ್ಪ ಸೊಂಟದ ಮಟ್ಟ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದರು, ಕಾಲಡಿಯ ಮಣ್ಣು ಜಾರುತ್ತಿತ್ತು. ಆ ಹೊತ್ತಲ್ಲಿ ಮನೆ ಕಾಯೋರು ಯಾರು ಅಂತ ಯೋಚನೆ ಬರಲ್ಲ.

ಹಳೇ ಕಾಗದ, ಮೈಸೂರು: ಅಲ್ಲೂ ಹಗ್ಗದ್ದೇ ವಿಷಯ. ಪಶ್ಚಿಮದ ಇಳಿದಾಣದಲ್ಲಿ, ಸಮುದ್ರದಿಂದ ಸುಮಾರು 110 ಅಡಿ ಎತ್ತರದಲ್ಲಿ ಹಗ್ಗದ ಪೆಟ್ಟಿಗೆ ಒಡೆದು ಚೆಲ್ಲಾಪಿಲ್ಲಿಯಾಗಿತ್ತು. ಕಬ್ಬಿಣದ ಕಂಬಿಗಳು ಬಾಗಿದ್ದವು. ಪೆಟ್ಟಿಗೆ ಭದ್ರ ಮಾಡಲು ಹೋದವರನ್ನು ಅಲೆ ಎಳೆದುಕೊಂಡಿರಬೇಕು ಅಂತ ತನಿಖೆ ಮಾಡಿದ ಮ್ಯೂರ್‌ಹೆಡ್ ಬರೆದರು.

ಸರಸ್ವತಿಪುರಂ ಓದುಗ: ಅದೂ ಊಹೆಯೇ, ಕಣ್ಣಾರೆ ಕಂಡವರಿಲ್ಲ. ಆದರೂ ಕೋಟಿನ ವಿಷಯ ಈಗ ಒಪ್ಪುತ್ತೇನೆ. ಮೆಕಾರ್ಥರ್ ಕಾಯಿಲೆ ಬಿದ್ದವರೊಬ್ಬರ ಬದಲಿಗೆ ಬಂದವರು ಬೇರೆ. ಪಾಪ.

ಶ್ರೀರಂಗಪಟ್ಟಣ ಅಕ್ಕ: 1971ರಿಂದ ಅಲ್ಲಿ ಕಾವಲಿಗೆ ಯಾರೂ ಇಲ್ಲ, ದೀಪ ತಾನಾಗಿಯೇ ಹೊತ್ತುತ್ತೆ. ಅದೇ ಒಳ್ಳೆಯದಾಯ್ತು. ತಮ್ಮಾ, ನಿಮ್ಮ ಅಪ್ಪ?

ಹೊಳೆದಂಡೆ, ಮಂಡ್ಯ: ದಡ ಹತ್ತಿದರು ಅಕ್ಕ. ಮೋಟಾರು ಹೋಯಿತು.