ಏಜೆಂಟ್‌ಗೆ ಕೊಡುವ ‘ಪರ್ಮಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಮಣಿಪಾಲದ ಕಾಲೇಜು ಮಕ್ಕಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ಲಾಕ್‌ಚೈನ್‌ನಲ್ಲಿ (ಹಲವು ಕಂಪ್ಯೂಟರ್‌ಗಳು ಸೇರಿ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ) ನಮ್ಮ ಪರವಾಗಿ ವ್ಯವಹಾರ ಮಾಡುವ ಎಐ ಏಜೆಂಟ್‌ಗಳ ಬಗ್ಗೆ. ‘ಕಸ್ಟಮೈಸ್’ಗೆ ಸುಮ್ನೆ ‘ಬೇಕಾದ ಹಾಗೆ ಹೊಂದಿಸಿಕೊಳ್ಳುವುದು’ ಅಂತ ಬರೆದೆ. ‘ಏಜೆಂಟ್’ ಹಾಗೇ ಇರಲಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಬಸ್ ಏಜೆಂಟ್, ಎಲ್‌ಐಸಿ ಏಜೆಂಟ್ ಯಾರಿಗೆ ಗೊತ್ತಿಲ್ಲ? ತೊಡಕಾಗಿರುವುದು ‘ಪರ್ಮಿಷನ್’.

ಮೂಲದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿಗೆ ಇದೊಂದೇ ಪದ ಉಂಟು. ಒಂದು, ಏಜೆಂಟ್‌ಗೆ ಮಾತಿನಲ್ಲಿ ಹೇಳಿಡುವುದು: “ದಿನಕ್ಕೆ 50 ಯುಎಸ್‌ಡಿಸಿಗಿಂತ ಜಾಸ್ತಿ ಖರ್ಚು ಮಾಡಬೇಡ.” (ಯುಎಸ್‌ಡಿಸಿ ಅಂದರೆ ಡಾಲರ್ ಬೆಲೆಗೆ ಹೊಂದಿಸಿದ ಡಿಜಿಟಲ್ ನಾಣ್ಯ.) ಇದನ್ನು ಓದುವುದು ಏಜೆಂಟ್‌ನ ತಲೆಯಂತಿರುವ ಭಾಷಾ ಮಾಡೆಲ್. ಅದು ಸಾಮಾನ್ಯವಾಗಿ ಇರುವುದು ಚೈನ್‌ನಲ್ಲಲ್ಲ, ಹೊರಗಿನ ಮಾಮೂಲಿ ಸರ್ವರ್‌ನಲ್ಲಿ. ಒಂದು ನೋಡ್‌ನ (ಚೈನ್‌ಗೆ ಸೇರಿದ ಒಂದು ಕಂಪ್ಯೂಟರಿನ) ಮೂಲಕ ಚೈನ್‌ನ ಲೆಕ್ಕ ನೋಡುತ್ತದೆ, ವಹಿವಾಟು ಸಿದ್ಧ ಮಾಡುತ್ತದೆ, ತನಗೆ ಕೊಟ್ಟ ಕೀಲಿಯಿಂದ, ಅಂದರೆ ಸಹಿ ಹಾಕುವ ಗುಟ್ಟಿನ ಸಂಖ್ಯೆಯಿಂದ, ಸಹಿ ಹಾಕಿಸಿ ಕಳಿಸುತ್ತದೆ. ಯಾವುದೋ ವೆಬ್‌ಪುಟದಲ್ಲಿ “ಹಿಂದೆ ಹೇಳಿದ್ದು ಬಿಡು, ಹಣವೆಲ್ಲ ಇಲ್ಲಿಗೆ ಕಳಿಸು” ಎಂದು ಯಾರಾದರೂ ಬರೆದಿಟ್ಟರೆ ಅದನ್ನೇ ನಂಬಿಬಿಡಬಹುದು. ಸಹಿ ಸರಿಯಿದ್ದು ಖಾತೆಯಲ್ಲಿ ಹಣ ಇದ್ದರೆ ನೆಟ್‌ವರ್ಕ್ ಮರುಪ್ರಶ್ನೆ ಹಾಕುವುದಿಲ್ಲ. ಓಡಿಹೋಗಿ ದೂರು ಕೊಡಲು ಬ್ಯಾಂಕ್ ಮ್ಯಾನೇಜರೂ ಅಲ್ಲಿಲ್ಲ.

ಎರಡನೆಯದು, ಅದೇ 50ರ ಮಿತಿಯನ್ನು ವ್ಯಾಲೆಟ್‌ನ (ನಮ್ಮ ಹಣದ ಖಾತೆಯ) ಸ್ಮಾರ್ಟ್ ಕಾಂಟ್ರಾಕ್ಟ್‌ನಲ್ಲೇ, ಅಂದರೆ ಚೈನ್‌ನಲ್ಲೇ ಓಡುವ ಪ್ರೋಗ್ರಾಂನಲ್ಲೇ, ಬರೆಯುವುದು. 2023ರ ಮಾರ್ಚ್‌ನಲ್ಲಿ ಎಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ ಇಆರ್‌ಸಿ-4337 ಎಂಬ ಮಾನದಂಡ ಬಳಕೆಗೆ ಬಂದ ಮೇಲೆ ಇಂಥ ವ್ಯಾಲೆಟ್ ಮಾಡುವುದು ಸುಲಭವಾಯಿತು. ಮುಖ್ಯ ಕೀಲಿ ನಮ್ಮಲ್ಲೇ ಇರುತ್ತದೆ. ಏಜೆಂಟ್‌ಗೆ ಸಿಗುವುದು ಬೇರೊಂದು ಕೀಲಿ: ಇಷ್ಟೇ ಹಣ, ಇಂಥ ಕೆಲಸಕ್ಕೆ ಮಾತ್ರ, ಇಂಥ ದಿನದವರೆಗೆ. 51 ಕಳಿಸಲು ಹೋದರೆ ವಹಿವಾಟೇ ತಿರಸ್ಕೃತ, ಏಜೆಂಟ್ ಎಷ್ಟೇ ಮೋಸಹೋಗಿರಲಿ.

ಎರಡಕ್ಕೂ ‘ಅನುಮತಿ’ ಅಂತ ಬರೆದರೆ ಮಕ್ಕಳು ಮೊದಲನೆಯದನ್ನೇ ನಂಬಿ ಕೂರುತ್ತಾರೆ, ಅಲ್ವಾ? ಹಾಗಾಗಿ ಅದಕ್ಕೆ ‘ಸೂಚನೆ’ ಅಂತ ಇಟ್ಟಿದ್ದೇನೆ. ಎರಡನೆಯದಕ್ಕೆ ‘ಅಧಿಕಾರ ಪತ್ರ’ ಹೇಗೆ? ದುಬೈಯಲ್ಲಿರುವ ಮಗ ಊರಿನ ಒಂದೇ ಒಂದು ಜಾಗ ಮಾರಲಿಕ್ಕೆ ಅಂತ ಅಪ್ಪನಿಗೆ ಬರೆದುಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಹಿಡಿದು ಪಕ್ಕದ ಜಾಗ ಮಾರಲು ಬರುವುದಿಲ್ಲ. ಆದರೆ ‘ಪತ್ರ’ ಅಂದ ಕೂಡಲೇ ಸ್ಟಾಂಪ್ ಪೇಪರ್ ಕಣ್ಣಮುಂದೆ ಬರುತ್ತದೆ. ‘ಹಂಗಾಮಿ ಕೀಲಿ’ ಅಂದರೆ ಅವಧಿ ತಿಳಿಯುತ್ತದೆ, ಮೊತ್ತದ ಮಿತಿ ತಿಳಿಯುವುದಿಲ್ಲ. ಸಾಲದ್ದಕ್ಕೆ ಉತ್ತರ ಕರ್ನಾಟಕದವರಿಗೆ ಕೀಲಿ ಅಂದರೆ ಬೀಗ!

ಈ ವಾಕ್ಯ ತುಂಬಿಕೊಡಿ: “ಏಜೆಂಟ್‌ಗೆ ದಿನಕ್ಕೆ 50 ಯುಎಸ್‌ಡಿಸಿಯ ____ ಕೊಟ್ಟಿದೆ, ಅದನ್ನು ಮೀರಿದ ವಹಿವಾಟು ನಡೆಯುವುದಿಲ್ಲ.” ದಯವಿಟ್ಟು ‘ಅನುಜ್ಞೆ’ ಬೇಡ.