ಸ್ಥಳದಲ್ಲೇ ಕಟ್ಟುವ ಗಿಡದ ಅಕ್ವೇರಿಯಂ ಸ್ಪರ್ಧೆ: ಅಂಕ ಹಂಚೋದು ಹೇಗೆ?

ಶಿರಸಿ_ಹಳ್ಳ: ಡಿಸೆಂಬರಿನಲ್ಲಿ ಶಿರಸಿಯಲ್ಲಿ ಸ್ಪರ್ಧೆ ಇಡ್ತಿದ್ದೇವೆ. 12 ಜನ, ಎಲ್ಲರಿಗೂ 60×30×36 ಸೆಂ.ಮೀ. ತೊಟ್ಟಿ, ಮೂರು ತಾಸು, ಮೂವರು ತೀರ್ಪುಗಾರರು. ಜಪಾನಿನ ಐಎಪಿಎಲ್‌ಸಿ ಅನ್ನೋ ಅಂತರರಾಷ್ಟ್ರೀಯ ಗಿಡದ ಅಕ್ವೇರಿಯಂ ಸ್ಪರ್ಧೆಯಲ್ಲಿ 100ರಲ್ಲಿ 50 ಅಂಕ ಮೀನಿನ ಸಹಜ ನೆಲೆಯ ಮರುಸೃಷ್ಟಿಗೆ, ದೀರ್ಘಕಾಲದ ನಿರ್ವಹಣೆಯೂ ಸೇರಿ ಉಳಿದ ಐದು ಅಂಶಕ್ಕೆ ಹತ್ತತ್ತು. ಅದನ್ನೇ ಇಟ್ಟುಕೊಂಡರೆ ಆಗ್ತದಾ? ಕಾರವಾರದ ಕಡಲ ಮರಳು, ಇಲ್ಲಿನ ಚಿರೆಕಲ್ಲು ಬಳಸೋಕೆ ಬಿಡಬಹುದಾ?

ಕಾಳಿದಂಡೆ: ಅದನ್ನು ಹಾಗೇ ತರಬೇಡಿ. ಐಎಪಿಎಲ್‌ಸಿಗೆ ಕಳಿಸೋದು ತಿಂಗಳುಗಟ್ಟಲೆ ಬೆಳೆಸಿದ ತೊಟ್ಟಿಯ ಫೋಟೋ. ಮೂರು ತಾಸಿನ ತೊಟ್ಟಿಯಲ್ಲಿ ಗಿಡ ಬೇರೇ ಬಿಟ್ಟಿರೋದಿಲ್ಲ, ದೀರ್ಘಕಾಲದ ನಿರ್ವಹಣೆಗೆ ಏನು ನೋಡಿ ಅಂಕ ಕೊಡ್ತೀರಿ? ಮೀನನ್ನಂತೂ ಪೂರ್ತಿ ಕೈಬಿಡಿ. ಹೊಸ ಆಕ್ವಾಸಾಯಿಲ್ (ಗಿಡಕ್ಕೆಂದೇ ಮಾಡಿದ ಅಕ್ವೇರಿಯಂ ಮಣ್ಣು) ಮೊದಲ ಕೆಲವು ವಾರ ಅಮೋನಿಯಾ ಬಿಡ್ತದೆ, ಅಂಕದ ಆಸೆಗೆ ಅದೇ ದಿನ ಮೀನು ಬಿಟ್ಟರೆ ಸಾಯ್ತವೆ.

ನನ್ನ ಲೆಕ್ಕ: ರಚನೆ 35, ಗಿಡದ ಆಯ್ಕೆ ಮತ್ತು ನಾಟಿ 25, ಕೈಕೆಲಸ 20, ಹೊಸತನ 10, ನೀರು ತುಂಬಿದ ಮೇಲಿನ ಸ್ಥಿತಿ 10.

ರಚನೆಯನ್ನು ಒಂದು ಮೀಟರ್ ದೂರದಲ್ಲಿ, ತೊಟ್ಟಿಯ ಮಟ್ಟಕ್ಕೆ ಕಣ್ಣು ಬರುವ ಹಾಗೆ ಕೂತು ನೋಡಬೇಕು. ಮುಖ್ಯ ಕಲ್ಲು ನಟ್ಟನಡುವೆ ಕೂತರೆ ನೋಟ ಅಲ್ಲೇ ನಿಂತುಬಿಡ್ತದೆ; 60 ಸೆಂ.ಮೀ.ಗೆ ಒಂದು ಬದಿಯಿಂದ ಸುಮಾರು 23 ಸೆಂ.ಮೀ. ಒಳ್ಳೆಯ ಜಾಗ. ಮಣ್ಣು ಮುಂದೆ 3–4, ಹಿಂದೆ 10–12 ಸೆಂ.ಮೀ. ಏರಿದ್ದರೆ ಆಳ ಕಾಣ್ತದೆ. ದಾರಿ ಮಾಡಿದ್ದರೆ ಅದು ಹಿಂದಕ್ಕೆ ಹೋದಂತೆ ಕಿರಿದಾಗಬೇಕು.

ನಾಟಿಯಲ್ಲಿ ಮೊದಲು ಅನುಬಿಯಾಸ್, ಜಾವಾ ಫರ್ನ್ ನೋಡಿ. ಅದರ ದಪ್ಪ ಗಡ್ಡೆ ಮಣ್ಣಲ್ಲಿ ಹೂತಿದ್ದರೆ ಕೊಳೀತದೆ, ಕಲ್ಲಿಗೋ ಕಟ್ಟಿಗೆಗೋ ಕಟ್ಟಿರಬೇಕು. ನೆಲ ಹಾಸುವ ಗಿಡವನ್ನು ಇಡೀ ಮುದ್ದೆಯಾಗಿ ಒತ್ತಿದವರಿಗಿಂತ ಚಿಕ್ಕ ಚಿಕ್ಕ ಕಡ್ಡಿ ಮಾಡಿ 1–2 ಸೆಂ.ಮೀ. ಅಂತರಕ್ಕೆ ಊರಿದವರಿಗೆ ಜಾಸ್ತಿ ಕೊಡಿ.

ಕೈಕೆಲಸಕ್ಕೆ, ನೀರು ತುಂಬುವ ಮೊದಲು ಮುಖ್ಯ ಕಲ್ಲನ್ನು ಒಂದು ಬೆರಳಿಂದ ತಳ್ಳಿ ನೋಡಿ. ಅಲುಗಿದರೆ ಅಂಕ ಕಡಿತ. ಚೂಪು ಕಲ್ಲು ನೇರ ಗಾಜಿನ ಮೇಲೆ ನಿಂತಿದ್ದರೂ ಕಡಿತ, ಗಾಜು ಬಿರಿಯೋದು ಅಲ್ಲಿಂದಲೇ.

ಕೊನೆಯ 10 ಅಂಕ ನೀರು ತುಂಬಿ 30 ನಿಮಿಷದ ಮೇಲೆ. ತೇಲಿ ಬಂದ ಪ್ರತಿ ಕಡ್ಡಿಗೆ ಅರ್ಧ ಅಂಕ ಕಳೀರಿ, ಹೆಚ್ಚೆಂದರೆ 5. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಿಧಾನ ಸುರಿದವರ ನೀರು ಕದಡೋದಿಲ್ಲ.

ಅಂಕೋಲಾ_ಕರಾವಳಿ: ಕಡಲ ಮರಳು ಬೇಡ ಮಾರಾಯ್ರೇ. ಅದರಲ್ಲಿ ಚಿಪ್ಪಿನ ಚೂರು ಇರ್ತದೆ. ಗಿಡಕ್ಕೆಂದು ಇಂಗಾಲದ ಡೈಆಕ್ಸೈಡ್ ಬಿಟ್ಟ ನೀರಲ್ಲಿ ಅದು ಮೆಲ್ಲಗೆ ಕರಗಿ ನೀರಿನ ಗಡಸುತನ ಏರಿಸ್ತದೆ. ತೀರದಿಂದ ಮರಳು ಎತ್ತೋದಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧವೂ ಉಂಟು. ಕಲ್ಲಾದರೆ ಬಚ್ಚಲು ತೊಳೆಯುವ ಆಸಿಡ್ ಒಂದು ಹನಿ ಬಿಟ್ಟು ನೋಡಿ, ನೊರೆ ಬಂದರೆ ತಿರಸ್ಕರಿಸಿ, ಕೈಗವಸು ಹಾಕ್ಕೊಳ್ಳಿ. ಚಿರೆಕಲ್ಲು ಸಾಮಾನ್ಯವಾಗಿ ನೊರೆ ಬಿಡೋದಿಲ್ಲ, ಆದರೆ ಹೊಸದಾಗಿ ಕಡಿದ ಮುಖದಿಂದ ಕೆಂಪು ಪುಡಿ ಉದುರ್ತದೆ. ಬ್ರಷ್ ಹಾಕಿ ತಿಕ್ಕಿ, ಎರಡು ದಿನ ನೀರಲ್ಲಿಟ್ಟ ಕಲ್ಲನ್ನು ಮಾತ್ರ ಒಳಗೆ ಬಿಡಿ.

ಕುಮಟಾ_ಹಸಿರು: ಮೂವರ ಅಂಕವನ್ನು ನೇರ ಕೂಡಿಸಬೇಡಿ. ಒಬ್ಬರು 40ರಿಂದ 90ರವರೆಗೆ ಹರಡಿ ಕೊಟ್ಟು, ಇನ್ನೊಬ್ಬರು ಎಲ್ಲರಿಗೂ 70–75 ಕೊಟ್ಟರೆ ಮೊದಲನೆಯವರೊಬ್ಬರೇ ಗೆಲುವು ತೀರ್ಮಾನಿಸಿದಂತಾಗ್ತದೆ. ಪ್ರತಿಯೊಬ್ಬರ ಅಂಕವನ್ನು 1ರಿಂದ 12ರ ಸ್ಥಾನಕ್ಕೆ ಇಳಿಸಿ, ಸ್ಥಾನಗಳನ್ನು ಕೂಡಿಸಿ. ಕಡಿಮೆ ಬಂದವರು ಗೆದ್ದ ಹಾಗೆ. ಸರಿಸಮ ಬಂದರೆ ರಚನೆಯ ಅಂಕ ನೋಡಿ. ಶುರುವಿಗೆ ಸ್ಪರ್ಧೆಗಿಲ್ಲದ ಒಂದು ತೊಟ್ಟಿಗೆ ಮೂವರೂ ಅಂಕ ಹಾಕಿ, ಯಾಕೆ ಹಾಗೆ ಹಾಕಿದರು ಅಂತ ಮಾತಾಡಿಕೊಳ್ಳಲಿ.

ಶಿರಸಿ_ಹಳ್ಳ: ಮೀನು ತೆಗೆದೆವು. ಕಟ್ಟಿಗೆ ತೇಲಿದರೆ ಅದೂ ಕಡಿತವಾ?

ಕಾಳಿದಂಡೆ: ಹೌದು, ಕೈಕೆಲಸದಲ್ಲಿ. ಆದರೆ ಕಟ್ಟಿಗೆ ಎರಡು-ಮೂರು ವಾರ ನೆನೆಸಿ ತನ್ನಿ ಅಂತ ಈಗಲೇ ಎಲ್ಲರಿಗೂ ಬರೆದು ಕಳಿಸಿ. ನೆನೆಯದಿದ್ದರೆ ಚಪ್ಪಟೆ ಕಲ್ಲಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೂರಿಸೋಕೆ ಅವಕಾಶ ಇರಲಿ. ಮಣ್ಣು ನೀವೇ ಕೊಡೋದಾದರೆ ತಲಾ 12 ಲೀಟರ್ ಅಳೆದು ಕೊಡಿ, ಆ ಏರಿಗೆ ಅಷ್ಟು ಬೇಕಾಗ್ತದೆ.