ಅಪ್‌ಡೇಟ್: ಟರ್ಷರಿ ಬ್ಯೂಟನಾಲ್ ಪ್ರಶ್ನೆಗೆ ಉತ್ತರ ಸಿಕ್ಕಿತು

ಹೋದ ವಾರ ಕೇಳಿದ್ದೆ: ಒಂದೇ ಅಣುಸೂತ್ರದ ಎರಡು ಆಲ್ಕೋಹಾಲ್‌ಗಳಲ್ಲಿ ಟರ್ಷರಿ ಬ್ಯೂಟನಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, 1-ಬ್ಯೂಟನಾಲ್ ಸ್ವಲ್ಪ ಬೆರೆತು ಪದರ ಕಟ್ಟುತ್ತದೆ. ಹಾಗಾದರೆ ಮೊದಲನೆಯದರ ಆಮ್ಲ ಗುಣ ಜಾಸ್ತಿ ಅಲ್ವಾ?

ಅಲ್ಲ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಇಲ್ಲಿ ಪುಣೆಯ ಲ್ಯಾಬ್‌ನಲ್ಲಿ ಧಾರವಾಡದ ಸೀನಿಯರ್ ಅಕ್ಕನ ಜೊತೆ ಮಾಡಿ ನೋಡಿದೆ. ಚಳಿಗೆ ಟರ್ಷರಿ ಬ್ಯೂಟನಾಲ್ ಬಾಟಲಿಯಲ್ಲೇ ಗಟ್ಟಿಯಾಗಿತ್ತು. ಅದು ಕರಗುವುದೇ ಸುಮಾರು 25 ಡಿಗ್ರಿಗೆ! ಒಣಗಿದ ಟೆಸ್ಟ್ ಟ್ಯೂಬ್‌ಗಳಲ್ಲಿ ಸೋಡಿಯಂ ಚೂರು ಹಾಕಿದೆವು; ಆಮ್ಲ ಗುಣ ಜಾಸ್ತಿ ಇದ್ದರೆ ಹೈಡ್ರೋಜನ್ ಗುಳ್ಳೆಗಳು ಜೋರಾಗಿ ಬರಬೇಕು. ಹೋಲಿಕೆಗೆ ಇಟ್ಟ ಎಥನಾಲ್‌ನಲ್ಲಿ (1-ಬ್ಯೂಟನಾಲ್‌ನಂತೆ ನೇರ ಸರಪಳಿಯ ಆಲ್ಕೋಹಾಲ್) ಗುಳ್ಳೆಗಳು ಬುಸಬುಸ ಎದ್ದವು, ಟರ್ಷರಿ ಬ್ಯೂಟನಾಲ್‌ನಲ್ಲಿ ತೀರಾ ನಿಧಾನ. ಎಥನಾಲ್‌ನ ಪಿಕೆಎ (ಆಮ್ಲ ಗುಣದ ಅಳತೆ, ಹೆಚ್ಚಿದಷ್ಟೂ ಆಮ್ಲ ದುರ್ಬಲ) ಸುಮಾರು 16, ಟರ್ಷರಿ ಬ್ಯೂಟನಾಲ್‌ನದ್ದು 18ರ ಹತ್ತಿರ. ಅದರಿಂದ ಪ್ರೋಟಾನ್ (H⁺) ಹೋದ ಮೇಲೆ ಉಳಿಯುವ ಋಣ ಅಯಾನಿಗೆ ಮೂರು ಮಿಥೈಲ್ (CH₃) ಗುಂಪುಗಳು ಅಡ್ಡ ನಿಲ್ಲುತ್ತವೆ. ದ್ರಾವಕ ಹತ್ತಿರ ಬಂದು ಅದನ್ನು ಸಂಭಾಳಿಸುವುದು ಕಷ್ಟ, ಅದಕ್ಕೇ ಪ್ರೋಟಾನ್ ಸುಲಭವಾಗಿ ಬಿಡುವುದಿಲ್ಲ. ಬೆರೆಯುವುದಕ್ಕೆ ಕಾರಣವೇ ಬೇರೆ: ಅಣು ಗುಂಡಗಿದೆ, ನೀರಿಗೆ ತಾಗುವ ಎಣ್ಣೆಯಂಥ ಭಾಗ ಕಡಿಮೆ.